ಮೊದಲ ಸಂಶೋಧನೆ ಹೇಗೆ? ಕೋಲಾರದ ವಿದ್ಯಾರ್ಥಿಗಳಿಗೆ ಊರ ನೀರೇ ವಿಷಯ

ವೈದ್ಯಕೀಯ, ದಂತವೈದ್ಯಕೀಯ, ನರ್ಸಿಂಗ್ ಓದುವ ಮಕ್ಕಳಲ್ಲಿ ಬಹಳಷ್ಟು ಜನ ಸಂಶೋಧನೆ ಏನಿದ್ದರೂ ಪಿಜಿಗೆ ಬಂದ ಮೇಲೆ ಎಂದುಕೊಂಡಿರುತ್ತಾರೆ. ಅಷ್ಟು ಕಾಯಬೇಕಿಲ್ಲ. ಪದವಿ ಹಂತದ ವೈದ್ಯಕೀಯ ವಿದ್ಯಾರ್ಥಿಗಳಿಗೆಂದೇ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಎರಡು ತಿಂಗಳ ಕಿರು ಸಂಶೋಧನಾ ಯೋಜನೆಯನ್ನು 1979ರಲ್ಲೇ ಆರಂಭಿಸಿತು. ಕೋಲಾರ ಜಿಲ್ಲೆಯಲ್ಲಂತೂ ವಿಷಯಕ್ಕಾಗಿ ಅಲೆಯಬೇಕಾಗಿಲ್ಲ. ಆಳದ ಬೋರ್‌ವೆಲ್ ನೀರಿನ ಫ್ಲೋರೈಡ್ ಎಷ್ಟೋ ಮಕ್ಕಳ ಹಲ್ಲಿನ ಮೇಲೆ ಕಾಣುತ್ತದೆ.

ಪ್ರಶ್ನೆ ಚಿಕ್ಕದಿರಲಿ. ‘ಜಿಲ್ಲೆಯಲ್ಲಿ ಫ್ಲೋರೋಸಿಸ್’ (ಫ್ಲೋರೈಡ್ ಹೆಚ್ಚಾಗಿ ಹಲ್ಲು, ಮೂಳೆಗೆ ಬರುವ ತೊಂದರೆ) ಎಂದು ಹೊರಟರೆ ಎರಡು ತಿಂಗಳಲ್ಲಿ ಏನೂ ಮುಗಿಯದು. ‘ಮುಳಬಾಗಿಲು ತಾಲ್ಲೂಕಿನ ಸರ್ಕಾರಿ ಶಾಲೆಗಳ 12 ವರ್ಷದ ಮಕ್ಕಳಲ್ಲಿ ಎಷ್ಟು ಮಂದಿಗೆ ಹಲ್ಲಿನ ಫ್ಲೋರೋಸಿಸ್ ಇದೆ?’ ಎಂದು ಕೇಳಿಕೊಳ್ಳಿ. ಹಿಂದೆ ಯಾರು ಏನು ಕಂಡಿದ್ದಾರೆಂದು ವೈದ್ಯಕೀಯ ಸಂಶೋಧನಾ ಲೇಖನಗಳನ್ನು ಹುಡುಕುವ ಪಬ್‌ಮೆಡ್ ಜಾಲತಾಣದಲ್ಲಿ ನೋಡಿ, ಅದು ಉಚಿತ.

ಎಷ್ಟು ಮಕ್ಕಳು ಬೇಕು? ಹಿಂದಿನ ಅಧ್ಯಯನದಲ್ಲಿ ಶೇ 30 ಮಕ್ಕಳಿಗೆ ಫ್ಲೋರೋಸಿಸ್ ಇತ್ತು, ಉಳಿದ ಶೇ 70 ಮಕ್ಕಳಿಗೆ ಇರಲಿಲ್ಲ ಎಂದುಕೊಳ್ಳಿ. 4 × 30 × 70 ಅನ್ನು 5ರ ವರ್ಗದಿಂದ, ಅಂದರೆ 25ರಿಂದ ಭಾಗಿಸಿದರೆ 336. ಶೇ 5ರಷ್ಟು ಆಚೀಚೆ ಪರವಾಗಿಲ್ಲ ಎಂದಾದರೆ ಇಷ್ಟು ಮಕ್ಕಳು ಸಾಕು. ಗೈರುಹಾಜರಿಗೆಂದು ಇನ್ನೊಂದಿಷ್ಟು ಸೇರಿಸಿ.

ಅನುಮತಿ. ಗೈಡ್ ಜೊತೆ ಕೂತು ಪ್ರಸ್ತಾವ ಬರೆದು ಕಾಲೇಜಿನ ಎಥಿಕ್ಸ್ ಕಮಿಟಿಗೆ ಕೊಡಿ. ಅದು ಒಪ್ಪುವವರೆಗೆ ಒಂದು ಮಗುವಿನ ಬಾಯನ್ನೂ ನೋಡುವಂತಿಲ್ಲ. ಆಮೇಲೆ ಬಿಇಒ, ಮುಖ್ಯ ಶಿಕ್ಷಕರು, ಪೋಷಕರ ಸಹಿ, ಮಗುವಿನ ಒಪ್ಪಿಗೆ. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಎಷ್ಟೋ ಮನೆಗಳಲ್ಲಿ ತೆಲುಗು ಮಾತು. ಒಪ್ಪಿಗೆ ಪತ್ರ ಕನ್ನಡದಲ್ಲಿದ್ದರೂ ತೆಲುಗಿನಲ್ಲಿ ಓದಿ ಹೇಳುವವರು ಜೊತೆಗಿರಲೇಬೇಕು. ಅರ್ಥವಾಗದೆ ಹಾಕಿದ ಹೆಬ್ಬೆಟ್ಟನ್ನು ಒಪ್ಪಿಗೆ ಎನ್ನಲಾಗದು.

ಶಾಲೆಯಲ್ಲಿ. ಕೆಲಸದ ಜೀವ ಇರುವುದು ಇಲ್ಲೇ. ಮಗುವನ್ನು ಬೆಳಕಿಗೆ ಮುಖ ಮಾಡಿ ಕೂರಿಸಿ, ಹತ್ತಿಯಿಂದ ಹಲ್ಲು ಒರೆಸಿ ನೋಡಿ. ಸುಣ್ಣ ಬಳಿದಂಥ ಬಿಳಿ ಗೆರೆ, ಮಚ್ಚೆ, ಕಂದು ಕಲೆ, ಕುಳಿ — ಏನಿದೆ ಎಂದು ಡೀನ್ ಸೂಚ್ಯಂಕದಂತೆ (ಹಲ್ಲಿನ ಫ್ಲೋರೋಸಿಸ್ ಎಷ್ಟು ತೀವ್ರ ಎಂದು ಅಂಕ ಕೊಡುವ ಕ್ರಮ) ಬರೆದುಕೊಳ್ಳಿ. ಹೆಚ್ಚು ಕೆಟ್ಟ ಎರಡು ಹಲ್ಲು ನೋಡಬೇಕು. ಅವೆರಡೂ ಒಂದೇ ಥರ ಇಲ್ಲದಿದ್ದರೆ ಕಡಿಮೆ ಕೆಟ್ಟಿದ್ದಕ್ಕೆ ಅಂಕ. ಪರೀಕ್ಷಿಸುವವರು ಇಬ್ಬರಿದ್ದರೆ ಮೊದಲು ಅದೇ ಕೆಲವು ಮಕ್ಕಳನ್ನು ಬೇರೆ ಬೇರೆಯಾಗಿ ನೋಡಿ, ಅಂಕ ತಾಳೆ ಹಾಕಿ.

ನೀರಿನ ಪ್ರಶ್ನೆಯಲ್ಲಿ ಎಡವುವುದು ಸುಲಭ. ಬುದ್ಧಿಹಲ್ಲು ಬಿಟ್ಟರೆ ಕಾಯಂ ಹಲ್ಲಿನ ಎನಾಮಲ್ ರೂಪುಗೊಳ್ಳುವುದು ಸುಮಾರು 8 ವರ್ಷದೊಳಗೆ. ಹಾಗಾಗಿ ಈ ಹಲ್ಲು ಹೇಳುವುದು ಹಳೆಯ ನೀರಿನ ಕಥೆ. ಮಗು ಆಗ ಯಾವ ಊರಲ್ಲಿತ್ತು, ಯಾವ ನೀರು ಕುಡಿಯುತ್ತಿತ್ತು ಎಂದು ತಾಯಿಯನ್ನೇ ಕೇಳಿ. ಅಡುಗೆ ನೀರನ್ನು ಬೇರೆಯಾಗಿ ಕೇಳಿ. ಕುಡಿಯಲು ಫಿಲ್ಟರ್ ಕ್ಯಾನ್ ತಂದರೂ ಮುದ್ದೆ, ಸಾರಿಗೆ ಬೋರಿನ ನೀರೇ ಬಳಸುವ ಮನೆಗಳಿವೆ.

ನೀರಿನ ಮಾದರಿಗೆ ಪ್ಲಾಸ್ಟಿಕ್ ಬಾಟಲಿ ಒಯ್ಯಿರಿ, ಫ್ಲೋರೈಡ್‌ಗೆ ಗಾಜು ಬೇಡ. ಅದೇ ನೀರಿನಲ್ಲಿ ಬಾಟಲಿ ತೊಳೆದು ತುಂಬಿ, ಊರು, ಬೋರು, ದಿನಾಂಕ ಅಲ್ಲೇ ಬರೆದು ಅಂಟಿಸಿ.

ಲೆಕ್ಕ, ವರದಿ. ಹೆಸರಿನ ಬದಲು ಸಂಖ್ಯೆ ಕೊಟ್ಟು ಎಕ್ಸೆಲ್‌ಗೆ ಏರಿಸಿ. ಲೆಕ್ಕಕ್ಕೆ ಉಚಿತ ಸಾಫ್ಟ್‌ವೇರ್‌ಗಳೂ ಸಿಗುತ್ತವೆ. ನಿರೀಕ್ಷಿಸಿದ್ದು ಬಾರದಿದ್ದರೂ ಬಂದದ್ದನ್ನೇ ಬರೆಯಿರಿ.

ವರದಿ ಕಾಲೇಜಿಗೆ ಒಪ್ಪಿಸಿದ ಮೇಲೂ ಒಂದು ಕೆಲಸ ಬಾಕಿ. ಯಾವ ಬೋರಿನಲ್ಲಿ ಲೀಟರ್‌ಗೆ ಎಷ್ಟು ಮಿಲಿಗ್ರಾಂ ಫ್ಲೋರೈಡ್ ಇತ್ತು ಎಂದು ಕನ್ನಡದಲ್ಲಿ ಒಂದು ಪುಟ ಬರೆದು ಪಿಡಿಒಗೂ ಶಾಲೆಗೂ ಕೊಡಿ. ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಪ್ರಕಾರ 1 ಮಿಲಿಗ್ರಾಂ ಒಳಗಿದ್ದರೆ ಸರಿ. ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ. ಅದನ್ನು ಮೀರಿದ ಬೋರುಗಳನ್ನು ಪುಟದ ಮೇಲ್ಭಾಗದಲ್ಲೇ ಬರೆಯಿರಿ.