ರೂಟರ್ ಆರಿಸಿದ ಮೇಲೆ ಉಳಿದ ಆಟಗಳು

ಕಳೆದ ದಸರಾ ರಜೆಯಲ್ಲಿ ಕಪಾಟಿನಿಂದ ಕಂಪ್ಯೂಟರ್ ಆಟಗಳ 31 ಪೆಟ್ಟಿಗೆಗಳನ್ನು ಕೆಳಗಿಳಿಸಿದೆ. ಇಂಟರ್ನೆಟ್ ಸಿಗದಂತೆ ರೂಟರ್ ಆರಿಸಿ, ಏನೂ ಇಲ್ಲದ ಕಂಪ್ಯೂಟರಿನಲ್ಲಿ ಒಂದೊಂದನ್ನೇ ಇನ್‌ಸ್ಟಾಲ್ ಮಾಡಿ ನೋಡಿದೆ. ಓಡಿದ್ದು ಮಾತ್ರ ನನ್ನದು ಎಂದು ಮೊದಲೇ ನಿಶ್ಚಯಿಸಿಕೊಂಡಿದ್ದೆ.

ಈ ಹಟಕ್ಕೆ ಕಾರಣ 'ದಿ ಕ್ರೂ' ಎಂಬ ಕಾರ್ ರೇಸಿನ ಆಟ. 2024ರ ಮಾರ್ಚ್ 31ರಂದು ಅದನ್ನು ಹೊರತಂದ ಯೂಬಿಸಾಫ್ಟ್ ಕಂಪನಿ ಅದರ ಸರ್ವರುಗಳನ್ನು ನಿಲ್ಲಿಸಿತು. ಒಬ್ಬರೇ ಆಡುವುದಕ್ಕೂ ಸರ್ವರ್ ಬೇಕಿದ್ದ ಆಟವದು. ಡಿಸ್ಕ್ ಕೊಂಡಿದ್ದವರೂ ಬರಿಗೈಯಾದರು. ಡಿಸ್ಕ್ ಕೈಯಲ್ಲಿದ್ದರೆ ಸಾಕು ಎಂದು ಅಲ್ಲಿಯವರೆಗೆ ನಾನೂ ನಂಬಿದ್ದೆ.

ಒಂಬತ್ತು ಪೆಟ್ಟಿಗೆಗಳು ತೆರೆದ ಕೂಡಲೇ ಸೋತವು. ಅವುಗಳಲ್ಲಿದ್ದದ್ದು ಆನ್‌ಲೈನ್ ಅಂಗಡಿಯ ಕೋಡ್ ಮುದ್ರಿಸಿದ ಚೀಟಿ ಮಾತ್ರ. ಹಣ ಕೊಟ್ಟು ಖಾಲಿ ಡಬ್ಬಿ ತಂದಿದ್ದೆನಲ್ಲ ಎಂದು ನಿಜಕ್ಕೂ ಸಿಟ್ಟು ಬಂತು.

ಹಳೆಯ ಸಿ.ಡಿ.ಗಳದ್ದು ಬೇರೆಯೇ ಗೋಳು. ಮೆತ್ತನೆಯ ಹತ್ತಿಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು. ಸುತ್ತಲೂ ಉಜ್ಜಿದರೆ ಗೀರು ದತ್ತಾಂಶದ ಸಾಲಿನುದ್ದಕ್ಕೂ ಬೀಳುತ್ತದೆ. ಆಮೇಲೆ ಕೆಟ್ಟ ಡಿಸ್ಕಿನಿಂದ ದತ್ತಾಂಶವನ್ನು ನಕಲಿಸಿಕೊಳ್ಳುವ ಡಿಡಿರೆಸ್ಕ್ಯೂ ತಂತ್ರಾಂಶ ಹಚ್ಚಿದೆ. ಅದು ಸಲೀಸಾಗಿ ಓದಬಲ್ಲ ಭಾಗವನ್ನು ಮೊದಲು ಎತ್ತಿಕೊಂಡು, ಕೆಟ್ಟ ಜಾಗಗಳಿಗೆ ಮತ್ತೆ ಮತ್ತೆ ಮರಳುತ್ತದೆ. ಒಂದು ಸಿ.ಡಿ.ಯ ಕೊನೆಯ ಕೆಲವು ಸೆಕ್ಟರುಗಳಿಗಾಗಿ, ಅಂದರೆ ದತ್ತಾಂಶದ ಸಣ್ಣ ತುಣುಕುಗಳಿಗಾಗಿ, ಡ್ರೈವ್ ರಾತ್ರಿಯಿಡೀ ಕಟಕಟ ಎನ್ನುತ್ತಿತ್ತು. ಬೆಳಿಗ್ಗೆ ನೋಡಿದರೆ ಪ್ರತಿ ಪೂರ್ತಿಯಾಗಿತ್ತು.

ಆದರೆ ಸೇಫ್‌ಡಿಸ್ಕ್ ಎಂಬ ನಕಲು-ತಡೆ ರಕ್ಷಣೆಯಿದ್ದ ಆಟಗಳು ಅಸಲಿ ಸಿ.ಡಿ. ಹಾಕಿದರೂ ಏಳಲಿಲ್ಲ. ಅವುಗಳಿಗೆ ಬೇಕಾದ ಡ್ರೈವರ್ ಎಂಬ ಸಹಾಯಕ ತಂತ್ರಾಂಶವನ್ನು ವಿಂಡೋಸ್ 10ರಿಂದ ಸುರಕ್ಷತೆಯ ಕಾರಣಕ್ಕೆ ಕೈಬಿಡಲಾಗಿದೆ. ನಕಲು ತಡೆಯಲೆಂದು ಬೇಕೆಂದೇ ಕೆಡಿಸಿದ ಸೆಕ್ಟರುಗಳೂ ಅವುಗಳಲ್ಲಿರುವುದರಿಂದ ಸಾಮಾನ್ಯ ಪ್ರತಿಯೂ ಕೆಲಸಕ್ಕೆ ಬಾರದು. ಅವು ಓಡಬಲ್ಲ, ವಿಂಡೋಸ್ ಎಕ್ಸ್‌ಪಿ ಇರುವ ಹಳೆಯ ಲ್ಯಾಪ್‌ಟಾಪನ್ನು ಗುಜರಿಗೆ ಹಾಕದಿದ್ದದ್ದು ಒಳ್ಳೆಯದೇ ಆಯಿತು.

ಅಂಥ ಕೆಲವನ್ನು ಜಿಒಜಿ ಎಂಬ ಆನ್‌ಲೈನ್ ಆಟದಂಗಡಿಯಲ್ಲಿ ಮತ್ತೆ ಕೊಂಡೆ. ಅಲ್ಲಿ ಆಫ್‌ಲೈನ್ ಇನ್‌ಸ್ಟಾಲರ್, ಅಂದರೆ ಇಂಟರ್ನೆಟ್ ಇಲ್ಲದೆಯೂ ಇನ್‌ಸ್ಟಾಲ್ ಮಾಡಬಲ್ಲ ಫೈಲ್, ಸಿಗುತ್ತದೆ. ಇಳಿಸಿಕೊಳ್ಳುವಾಗ ಮಾತ್ರ ಖಾತೆ ಬೇಕು. ದೊಡ್ಡ ಆಟಗಳು ಹಲವು ತುಂಡುಗಳಾಗಿ ಬರುತ್ತವೆ, ಒಂದು ತುಂಡು ತಪ್ಪಿದರೂ ಆಟವಿಲ್ಲ. ಹಾಗಾಗಿ ಎಲ್ಲ ಫೈಲುಗಳ ಬೆರಳಚ್ಚಿನಂಥ ಎಸ್‌ಎಚ್‌ಎ-256 ಸಂಕೇತವನ್ನು ತೆಗೆದು ಪಟ್ಟಿ ಮಾಡಿಟ್ಟೆ. ವಿಂಡೋಸ್‌ನಲ್ಲೇ ಇರುವ ಸರ್ಟ್‌ಯುಟಿಲ್ ಎಂಬ ಸಲಕರಣೆ ಈ ಕೆಲಸ ಮಾಡುತ್ತದೆ. ಮುಂದೆ ತೆಗೆದಾಗ ಸಂಕೇತದ ಒಂದು ಅಕ್ಷರ ಬದಲಾದರೂ ಫೈಲ್ ಕೆಟ್ಟಿದೆ ಎಂದರ್ಥ.

ಈ ಕಂಪ್ಯೂಟರ್ ಆಟಗಳಲ್ಲದೆ ನನ್ನಲ್ಲಿದ್ದ ಪಿಎಸ್ 4 (ಸೋನಿಯ ಆಟದ ಯಂತ್ರ) ಡಿಸ್ಕುಗಳು ಹೆಚ್ಚಿನವು ಓಡಿದವು. ಬಿಡುಗಡೆಯ ನಂತರ ಬಂದ ತಿದ್ದುಪಡಿಗಳು ಮಾತ್ರ ಡಿಸ್ಕಿನಲ್ಲಿಲ್ಲ.

ಎಲ್ಲವನ್ನೂ 4 ಟೆರಾಬೈಟಿನ ಎರಡು ಹಾರ್ಡ್ ಡಿಸ್ಕುಗಳಲ್ಲಿ ತುಂಬಿಸಿ, ಒಂದನ್ನು ಮೈಸೂರಿನಲ್ಲಿರುವ ತಮ್ಮನ ಮನೆಯಲ್ಲಿ ಇಟ್ಟಿದ್ದೇನೆ. ಚಿಪ್‌ಗಳಲ್ಲಿ ದತ್ತಾಂಶ ಇಡುವ ಎಸ್‌ಎಸ್‌ಡಿ ಬೇಡವೆಂದೆ, ವಿದ್ಯುತ್ ಇಲ್ಲದೆ ವರ್ಷಗಟ್ಟಲೆ ಬಿದ್ದಿದ್ದರೆ ಅದರ ದತ್ತಾಂಶ ಸೋರಿಹೋಗಬಹುದು. ಈ ಯುಗಾದಿಗೆ ಎರಡನ್ನೂ ಪಟ್ಟಿಯೊಂದಿಗೆ ತಾಳೆ ನೋಡಿದಾಗ ನನ್ನಲ್ಲಿದ್ದ ಡಿಸ್ಕಿನ ಒಂದು ಫೈಲ್ ಕೆಟ್ಟಿತ್ತು. ಮೈಸೂರಿನದು ಸರಿಯಿತ್ತು, ಅದರಿಂದಲೇ ತುಂಬಿಸಿಕೊಂಡೆ.