ಹಿಂಬಾಗಿಲು, ಬಾಣಲೆ, ಸಿಲಿಂಡರ್: ನಮ್ಮ ಹೋಟೆಲಿನ ಅನುಭವ

ಬೆಂಗಳೂರಿನ ಬಸವನಗುಡಿ ಕಡೆ ನಮ್ಮದೊಂದು ಸಸ್ಯಾಹಾರಿ ಹೋಟೆಲ್ ಇದೆ. ಕೆಳಗೆ ದರ್ಶಿನಿ, ಮೇಲೆ 40 ಜನ ಕೂರುವ ಎಸಿ ಹಾಲ್. ಅಡುಗೆಮನೆ ಕೆಳಗೇ, ಹಿಂಭಾಗದಲ್ಲಿ. 2019ರ ಮಳೆಗಾಲದ ಒಂದು ಸಂಜೆ, ಬೋಂಡ ಬಜ್ಜಿಗೆ ಜನ ಮುಗಿಬಿದ್ದಿದ್ದ ಹೊತ್ತಿನಲ್ಲಿ, ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿತು.

ಭಟ್ಟರು ಹಿಟ್ಟು ತರಲು ಪಕ್ಕದ ಕೋಣೆಗೆ ಹೋಗಿದ್ದರು. ಉರಿ ಜೋರಾಗಿಯೇ ಇತ್ತು. ಪಾತ್ರೆ ತೊಳೆಯುವ ಹುಡುಗ ಜಗ್ ತುಂಬ ನೀರು ಎತ್ತಿಕೊಂಡು ಓಡಿ ಬಂದ. ಅಷ್ಟರಲ್ಲಿ ವಾಪಸ್ ಬಂದ ಭಟ್ಟರು ಅವನ ಮೊಣಕೈ ಹಿಡಿದು ಹಿಂದಕ್ಕೆ ಎಳೆದರು. ಆ ಒಂದು ಜಗ್ ನೀರು ಎಣ್ಣೆಗೆ ಬಿದ್ದಿದ್ದರೆ ಅಲ್ಲಿದ್ದ ಮೂವರೂ ಸುಟ್ಟುಹೋಗುತ್ತಿದ್ದರು. ಕಾದ ಎಣ್ಣೆಯ ಅಡಿಗೆ ಇಳಿದ ನೀರು ಆವಿಯಾಗುವಾಗ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಉರಿಯುವ ಎಣ್ಣೆಯನ್ನು ಚಾವಣಿವರೆಗೆ ಎರಚಿಬಿಡುತ್ತದೆ.

ನಾನು ಗೋಡೆಯಲ್ಲಿದ್ದ ಬೆಂಕಿ ಆರಿಸುವ ಸಿಲಿಂಡರ್ ಕಿತ್ತುಕೊಂಡೆ. ಪಿನ್ ಎಳೆದೆ, ಹಿಡಿ ಒತ್ತಿದೆ. ಏನೂ ಬರಲಿಲ್ಲ. ಮೀಟರಿನ ಮುಳ್ಳು ಕೆಂಪಿನಲ್ಲಿ ಬಿದ್ದುಕೊಂಡಿತ್ತು. ಎರಡು ತಿಂಗಳ ಹಿಂದೆ ರೀಫಿಲ್ ಮಾಡಿದ್ದಾಗಿ ಹೊಸ ಚೀಟಿ ಮಾತ್ರ ನೀಟಾಗಿ ಅಂಟಿಸಿತ್ತು. ಕೊನೆಗೆ ಭಟ್ಟರೇ ಗ್ಯಾಸ್ ಬಂದ್ ಮಾಡಿ, ಅನ್ನದ ಕೊಳಗದ ಮುಚ್ಚಳವನ್ನು ಬಾಣಲೆಯ ಮೇಲೆ ಜಾರಿಸಿ ಮುಚ್ಚಿದರು. ಅಷ್ಟರಲ್ಲಿ ಮೇಲಿನ ಚಿಮಣಿಯ ಫಿಲ್ಟರಿಗೂ ಬೆಂಕಿ ಹತ್ತಿತ್ತು. ಪಕ್ಕದ ಬೇಕರಿಯವರು ತಮ್ಮ ಸಿಲಿಂಡರ್ ತಂದು ಅದನ್ನು ಆರಿಸಿದರು. ಯಾರಿಗೂ ಪೆಟ್ಟಾಗಲಿಲ್ಲ.

ಯಾರೋ ಫೋನ್ ಮಾಡಿದ್ದರು, ಅಗ್ನಿಶಾಮಕದವರು ಬಂದರು. ಬಂದ ಅಧಿಕಾರಿ ಕಾಗದಪತ್ರ ಕೇಳುತ್ತಾರೆ ಅಂತ ನಾನು ಫೈಲ್ ಹಿಡಿದುಕೊಂಡು ನಿಂತಿದ್ದೆ. ಅವರು ಅಡುಗೆಮನೆ ನೋಡಿದರು, ಮಹಡಿ ಹತ್ತಿ ಇಳಿದರು. ಆಮೇಲೆ ಕೇಳಿದ್ದು ಒಂದೇ ಮಾತು: "ಸ್ವಾಮಿ, ರಾತ್ರಿ ಇಲ್ಲಿ ಯಾರು ಮಲಗ್ತಾರೆ?"

ಆರು ಜನ ಹುಡುಗರು ಮಲಗುತ್ತಿದ್ದರು. ಮೇಲಿನ ಹಾಲಿನಲ್ಲಿ ಚಾಪೆ ಹಾಸಿಕೊಂಡು. ಮುಂದಿನ ಶಟರಿಗೆ ಹೊರಗಿನಿಂದ ಬೀಗ, ಕೀಲಿ ಕ್ಯಾಷಿಯರ್ ಮನೆಯಲ್ಲಿ. ಹಿಂಬಾಗಿಲಿಗೆ ಒಳಗಿನಿಂದ ಬೀಗ, ಅದರ ಮುಂದೆ ಈರುಳ್ಳಿ ಮೂಟೆ. ಎಣ್ಣೆ ಟಿನ್ ಕಳವಾಗುತ್ತದೆ ಅಂತ ಆ ಬೀಗ ಹಾಕಿಸಿದವನು ನಾನೇ. ಇದನ್ನೆಲ್ಲ ಬಾಯಿಬಿಟ್ಟು ಹೇಳುವಾಗ ನನ್ನ ನಾಲಿಗೆ ಒಣಗಿಹೋಯಿತು. 2018ರ ಜನವರಿಯಲ್ಲಿ ಕಲಾಸಿಪಾಳ್ಯದ ಒಂದು ಬಾರಿನಲ್ಲಿ ಬೆಳಗಿನ ಜಾವ ಬೆಂಕಿ ಬಿದ್ದು, ಒಳಗೆ ಮಲಗಿದ್ದ 5 ಜನ ಕೆಲಸಗಾರರು ಸತ್ತಿದ್ದರು. ಆ ಸುದ್ದಿ ಓದಿ ಅಯ್ಯೋ ಪಾಪ ಅಂದಿದ್ದೆ. ಅದೇ ರಾತ್ರಿಯೂ ನಮ್ಮ ಶಟರಿಗೆ ಹೊರಗಿನಿಂದಲೇ ಬೀಗ ಬಿದ್ದಿತ್ತು.

ಹಾಗಾಗಿ ನಮ್ಮ ಕೆಲಸ ಶುರುವಾಗಿದ್ದು ಅಲ್ಲಿಂದ. ಎರಡು ಬೀದಿ ಆಚೆ ಒಂದು ಮನೆ ಬಾಡಿಗೆಗೆ ಹಿಡಿದೆ. ಹುಡುಗರನ್ನು ಅದೇ ವಾರ ಅಲ್ಲಿಗೆ ಕಳಿಸಿದೆ. ತಿಂಗಳ ಖರ್ಚು ಜಾಸ್ತಿ ಆಯಿತು, ನಿಜ. ಆದರೆ ಬೇರೆ ಯಾವುದನ್ನು ಮುಂದಕ್ಕೆ ಹಾಕಿದರೂ ಇದನ್ನು ಹಾಕಬೇಡಿ ಅಂತ ಹೋಟೆಲ್ ನಡೆಸುವ ಎಲ್ಲರಿಗೂ ಕೈಮುಗಿದು ಹೇಳುತ್ತೇನೆ.

ಎರಡನೆಯದು ಬಾಗಿಲು. ಈರುಳ್ಳಿ ಮೂಟೆ ತೆಗೆಸಿದೆ, ಬೀಗ ಕಿತ್ತೆ. ಒಳಗಿನಿಂದ ಮೈಯಿಂದ ನೂಕಿದರೂ ತೆರೆಯುವ, ಹೊರಗಿನಿಂದ ಕೀಲಿ ಇಲ್ಲದೆ ತೆರೆಯದ ಪುಷ್ ಬಾರ್ ಬಾಗಿಲು ಹಾಕಿಸಿದೆ. ಅದು ಕಟ್ಟಡದ ಹಿಂದಿನ ಕಿರುಗಲ್ಲಿಗೆ (ಕನ್ಸರ್ವೆನ್ಸಿ ಗಲ್ಲಿ) ತೆರೆಯುತ್ತದೆ. ಕಳ್ಳರ ಭಯಕ್ಕೂ ಅದೇ ಉತ್ತರ, ಬೆಂಕಿಯ ಭಯಕ್ಕೂ ಅದೇ. ಮೇಲಿನ ಹಾಲಿಗೆ ಇದ್ದದ್ದು ಒಂದೇ ಮೆಟ್ಟಿಲು, ಅದೂ ಅಡುಗೆಮನೆ ಪಕ್ಕದಲ್ಲೇ ಹತ್ತುತ್ತಿತ್ತು. ಕೆಳಗೆ ಹೊಗೆ ಎದ್ದರೆ ಮೊದಲು ಮುಚ್ಚಿಹೋಗುವುದೇ ಆ ಮೆಟ್ಟಿಲು, ಅಲ್ವಾ? 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ಊಟ-ತಿಂಡಿಯ ಹೋಟೆಲುಗಳನ್ನು ಸಿನಿಮಾ ಮಂದಿರಗಳಂತೆ ಜನ ಸೇರುವ ಕಟ್ಟಡಗಳ ಗುಂಪಿಗೇ ಸೇರಿಸಿದೆ. ಹಿಂಭಾಗದಲ್ಲಿ ಕಬ್ಬಿಣದ ಮೆಟ್ಟಿಲು ಕಟ್ಟಿಸಬೇಕು ಅಂತ ಕಟ್ಟಡದ ಯಜಮಾನರ ಹತ್ತಿರ ನಾಲ್ಕು ಸಲ ಹೋದೆ. ಮೊದಮೊದಲು ಅವರು ಒಪ್ಪಲಿಲ್ಲ. ಕಾರ್ಲ್‌ಟನ್ ಟವರ್ಸ್ ನೆನಪಿದೆಯಾ ಅಂತ ಕೇಳಿದೆ. 2010ರ ಫೆಬ್ರವರಿ 23, ಹಳೇ ಏರ್‌ಪೋರ್ಟ್ ರಸ್ತೆಯ ಆ ಕಚೇರಿ ಕಟ್ಟಡಕ್ಕೆ ಬೆಂಕಿ ಬಿದ್ದಿತ್ತು. ಹೊಗೆ ತಾಳಲಾರದೆ ಜನ ಮೇಲಿನ ಮಹಡಿಗಳಿಂದ ಹಾರಿದ್ದನ್ನು ಊರೆಲ್ಲ ಟಿವಿಯಲ್ಲಿ ನೋಡಿತ್ತು. 9 ಜನ ಹೋದರು. ಯಜಮಾನರು ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಮುಂದಿನ ವಾರ ವೆಲ್ಡರ್ ಬಂದ.

ಹಾಲಿನ ಅಲಂಕಾರಕ್ಕೆ ಹಾಕಿದ್ದ ಪ್ಲಾಸ್ಟಿಕ್ ಬಳ್ಳಿ, ಥರ್ಮೋಕೋಲ್ ಕಮಾನು ಎಲ್ಲ ತೆಗೆಸಿದೆ. 2017ರ ಡಿಸೆಂಬರಿನಲ್ಲಿ ಮುಂಬೈಯ ಕಮಲಾ ಮಿಲ್ಸ್ ಆವರಣದಲ್ಲಿ ಬೆಂಕಿಗೆ 14 ಜನ ಸತ್ತ ಮೇಲೂ ನಮ್ಮೂರಿನ ಎಷ್ಟೋ ಹಾಲುಗಳಲ್ಲಿ ಅವು ಹಾಗೇ ನೇತಾಡುತ್ತಿವೆ. ನೋಡಿದಾಗ ಸಂಕಟ ಆಗುತ್ತದೆ.

ಗ್ಯಾಸಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ನಾವು 19 ಕೆಜಿ ಸಿಲಿಂಡರುಗಳನ್ನು ಮೆಟ್ಟಿಲ ಕೆಳಗೆ ಇಡುತ್ತಿದ್ದೆವು. ಅಲ್ಲಿ ಜಾಗ ಸುಮ್ನೆ ಖಾಲಿ ಇತ್ತು, ಅಷ್ಟೇ ಕಾರಣ. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಮೇಲಕ್ಕೆ ಹೋಗುವುದಿಲ್ಲ, ನೆಲದ ಮೇಲೆ ನೀರಿನ ಹಾಗೆ ಹರಿದು ಮೂಲೆಯಲ್ಲಿ, ಚರಂಡಿಯಲ್ಲಿ ತುಂಬಿಕೊಳ್ಳುತ್ತದೆ. ಅದಕ್ಕೇ ನೆಲಮಾಳಿಗೆಯಲ್ಲಿ ಸಿಲಿಂಡರ್ ಇಡಲೇಬಾರದು. ಈಗ ಹಿಂಭಾಗದ ಬಯಲಿನಲ್ಲಿ, ಚರಂಡಿಯಿಂದ ದೂರ, ಜಾಲರಿ ಬಾಗಿಲಿನ ಗೂಡು ಕಟ್ಟಿಸಿ ಗ್ಯಾಸ್ ಬ್ಯಾಂಕ್ ಮಾಡಿದ್ದೇವೆ. ಅಲ್ಲಿಂದ ಲೋಹದ ಪೈಪಿನಲ್ಲಿ ಒಳಗೆ ಬರುತ್ತದೆ. ಒಟ್ಟು 5 ಸಿಲಿಂಡರ್, ಅಂದರೆ 95 ಕೆಜಿ. 100 ಕೆಜಿ ದಾಟಿದರೆ ಪೆಸೊ (ಸ್ಫೋಟಕಗಳ ಸುರಕ್ಷತೆ ನೋಡುವ ಕೇಂದ್ರದ ಸಂಸ್ಥೆ) ಲೈಸೆನ್ಸ್ ಬೇಕಾಗುತ್ತದೆ. ಖಾಲಿ ಸಿಲಿಂಡರ್ ಅಂತ ಒಳಗೆ ಉರುಳಿಸಿ ಬಿಡಬೇಡಿ, ಅದರ ತಳದಲ್ಲೂ ಗ್ಯಾಸ್ ಉಳಿದಿರುತ್ತದೆ.

ಸೋರಿಕೆ ಹಿಡಿಯುವ ಅಲಾರಂ ಹಾಕಲು ಬಂದ ಹುಡುಗ ಅದನ್ನು ಚಾವಣಿಗೆ ಹತ್ತಿರ ಕೂರಿಸಿ ಹೋಗಿದ್ದ. ಅಲ್ಲಿಗೆ ಗ್ಯಾಸ್ ಮುಟ್ಟುವ ಹೊತ್ತಿಗೆ ಅಡುಗೆಮನೆ ಪೂರ್ತಿ ತುಂಬಿರುತ್ತದೆ. ವಾಪಸ್ ಕರೆಸಿ, ನೆಲದಿಂದ ಒಂದು ಅಡಿ ಎತ್ತರಕ್ಕೆ ಇಳಿಸಿದೆ. ವಾರಕ್ಕೊಮ್ಮೆ ಬ್ರಷ್ ಅನ್ನು ಸೋಪಿನ ನೀರಿನಲ್ಲಿ ಅದ್ದಿ ಪ್ರತಿ ಜಾಯಿಂಟಿಗೂ ಹಚ್ಚುತ್ತೇವೆ. ಗುಳ್ಳೆ ಬಂದರೆ ಸೋರುತ್ತಿದೆ ಅಂತ.

ಚಿಮಣಿಯ ಡಕ್ಟ್, ಅಂದರೆ ಹೊಗೆ ಹೋಗುವ ಕೊಳವೆ, ತೆರೆಸಿದ ದಿನ ನಾನೂ ಏಣಿ ಹತ್ತಿ ನೋಡಿದೆ. ಬೆಲ್ಲದ ಬಣ್ಣದ ಜಿಡ್ಡು, ಬೆರಳು ದಪ್ಪ. ತಗಡಿನ ಚೂರಿನಿಂದ ಕೆರೆದರೆ ಮೇಣದಂತೆ ಸುರುಳಿ ಸುರುಳಿಯಾಗಿ ಬಂತು. ಎರಡು ಬಕೆಟ್ ತುಂಬಿತು. ನಾವು ಫಿಲ್ಟರ್ ಮಾತ್ರ ತೊಳೆಯುತ್ತಿದ್ದೆವು, ಒಳಗಿನ ಡಕ್ಟ್ ಮುಟ್ಟಿರಲೇ ಇಲ್ಲ. ಆ ಸಂಜೆ ಬೆಂಕಿ ಫಿಲ್ಟರಿಗೇ ನಿಂತದ್ದು ನಮ್ಮ ಪುಣ್ಯ. ಈಗ ಫಿಲ್ಟರ್ ದಿನಾ ರಾತ್ರಿ, ಡಕ್ಟ್ ಮೂರು ತಿಂಗಳಿಗೊಮ್ಮೆ. ಒಳಗೆ ಕೈ ಹೋಗುವಂತೆ ಅಲ್ಲಲ್ಲಿ ಬಾಗಿಲು ಕೊರೆಸಿದ್ದೇವೆ. ತಂದೂರು ಇದ್ದ ಕಡೆ ಇನ್ನೂ ಬೇಗ ಬೇಗ ಮಾಡಿಸಬೇಕು.

ಬೆಂಕಿ ಆರಿಸುವ ಸಿಲಿಂಡರುಗಳನ್ನು ಹೊಸದಾಗಿ ತಂದೆ. ಬಾಣಲೆ ಕಡೆಗೆ ವೆಟ್ ಕೆಮಿಕಲ್ ಎಂಬ ದ್ರಾವಣದ ಸಿಲಿಂಡರ್. ಅದು ಎಣ್ಣೆಯ ಮೇಲೆ ಸೋಪಿನಂಥ ಪದರ ಕಟ್ಟಿ ತಣ್ಣಗೂ ಮಾಡುತ್ತದೆ. ಮಾಮೂಲಿ ಪುಡಿಯ ಸಿಲಿಂಡರಿನಲ್ಲಿ ಜ್ವಾಲೆ ಆರಿದರೂ ಎಣ್ಣೆ ಕಾದೇ ಇರುತ್ತದೆ, ಮತ್ತೆ ಹತ್ತಿಕೊಳ್ಳಬಹುದು. ಕರೆಂಟ್ ಬೋರ್ಡ್ ಹತ್ತಿರ ಸಿಒಟು, ಅಂದರೆ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಇದೆ. ಸಿಒಟುಗೆ ಮೀಟರ್ ಇರುವುದಿಲ್ಲ, ಒಳಗೆ ಗ್ಯಾಸ್ ಇದೆಯೋ ಇಲ್ಲವೋ ತೂಕ ಹಾಕಿಯೇ ತಿಳಿಯಬೇಕು. ನಮ್ಮಲ್ಲಿ ತರಕಾರಿ ತಕ್ಕಡಿ ಇದ್ದೇ ಇದೆಯಲ್ಲ, ಅದರಲ್ಲೇ ತೂಗುತ್ತೇವೆ. ಮಿಕ್ಕವುಗಳ ಮುಳ್ಳನ್ನು ತಿಂಗಳ ಮೊದಲ ದಿನ ನಾನೇ ನೋಡುತ್ತೇನೆ. ಚೀಟಿಯ ತಾರೀಖು ನಂಬುವುದು ಬಿಟ್ಟಿದ್ದೇನೆ.

ಟ್ರೇಡ್ ಲೈಸೆನ್ಸ್, ಫುಡ್ ಲೈಸೆನ್ಸ್, ವಿಮೆ, ಇವೆಲ್ಲ ಅದರ ಪಾಡಿಗೆ ಆದವು. ಅದರಲ್ಲಿ ಹೇಳುವಂಥದ್ದು ಜಾಸ್ತಿ ಇಲ್ಲ.

ಹೇಳಬೇಕಾದ್ದು ಹುಡುಗರ ಬಗ್ಗೆ. ನಮ್ಮಲ್ಲಿ ಈಗ ಒಡಿಶಾ, ಅಸ್ಸಾಂ ಕಡೆಯವರೇ ಹೆಚ್ಚು. ಗೋಡೆಗೆ ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಬೋರ್ಡ್ ಹಾಕಿದರೆ ಅವರಲ್ಲಿ ಅರ್ಧ ಜನಕ್ಕೆ ಓದಲು ಬರುವುದಿಲ್ಲ. ಆದ್ದರಿಂದ ಕೈಯಿಂದಲೇ ಕಲಿಸುತ್ತೇವೆ. ಹೊಸ ಹುಡುಗ ಬಂದ ದಿನವೇ ಮೇನ್ ವಾಲ್ವ್ ಎಲ್ಲಿದೆ ಅಂತ ತೋರಿಸಿ, ಅವನ ಕೈಯಿಂದಲೇ ಬಂದ್ ಮಾಡಿಸುತ್ತೇವೆ. ರೀಫಿಲ್‌ಗೆ ಕಳಿಸುವ ಮುನ್ನ ಬೆಂಕಿ ಆರಿಸುವ ಹಳೇ ಸಿಲಿಂಡರ್ ಸುಮ್ನೆ ಖಾಲಿ ಮಾಡಿಸುವುದಿಲ್ಲ. ಹಿಂದಿನ ಬಯಲಿನಲ್ಲಿ ಟ್ರೇಯಲ್ಲಿ ಕಾಗದ ಹಚ್ಚಿ, ಒಬ್ಬೊಬ್ಬರ ಕೈಯಲ್ಲೂ ಆರಿಸುತ್ತೇವೆ. ಮೊದಲ ಸಲ ಎಲ್ಲರೂ ಜ್ವಾಲೆಯ ತುದಿಗೆ ಹೊಡೆಯುತ್ತಾರೆ. ಭಟ್ಟರು ಪಕ್ಕದಲ್ಲಿ ನಿಂತು, "ಬುಡಕ್ಕೆ ಹೊಡಿಯೋ ಮಾರಾಯ, ಬುಡಕ್ಕೆ" ಅಂತ ಕೂಗುತ್ತಾರೆ. ಅವತ್ತು ಜಗ್ ಹಿಡಿದು ಓಡಿ ಬಂದಿದ್ದ ಹುಡುಗ ಈಗ ನಮ್ಮಲ್ಲಿ ದೋಸೆ ಹಾಕುತ್ತಾನೆ. ಹೊಸಬರಿಗೆ ಒಡಿಯಾದಲ್ಲಿ ಹೇಳಿಕೊಡುವುದು ಅವನೇ.

ರಾತ್ರಿ 11ಕ್ಕೆ ಅಂಗಡಿ ಮುಚ್ಚುವಾಗ ಕ್ಯಾಷಿಯರ್ ಒಂದು ಫೋಟೊ ಕಳಿಸಬೇಕು. ಬಂದ್ ಮಾಡಿದ ಮೇನ್ ವಾಲ್ವ್, ಪಕ್ಕದಲ್ಲಿ ಖಾಲಿ ಇರುವ ಹಿಂಬಾಗಿಲ ದಾರಿ, ಎರಡೂ ಅದರಲ್ಲಿ ಕಾಣಬೇಕು. ಒಳಗೆ ಯಾರೂ ಉಳಿದಿಲ್ಲ ಅಂತ ಕೆಳಗೆ ಬರೆದಿರಬೇಕು. ಹನ್ನೊಂದೂಕಾಲಿಗೆ ಬರದಿದ್ದರೆ ನಾನೇ ಫೋನ್ ಮಾಡುತ್ತೇನೆ. ಫೋನ್ ಎತ್ತದಿದ್ದರೆ ಗಾಡಿ ಹತ್ತುತ್ತೇನೆ.