ಗುಂಡಿ ಬಿದ್ದ ರಸ್ತೆಯನ್ನು ಕೊನೆಗೆ ಇಟ್ಟೆ

ಗಂಗಾವತಿ, ಕಾರಟಗಿ ಕಡೆಯ ಕ್ರಿಯಾಯೋಜನೆಯಲ್ಲಿ ಒಂದೂ ಗುಂಡಿ ಇಲ್ಲದ ರಸ್ತೆಗಳಿಗೆ ಡಾಂಬರು ಬರೆದಾಗ ಕಡತ ಎರಡು ಸಲ ಹಿಂದಕ್ಕೆ ಬಂತು. ‘ಈ ಎಂಜಿನಿಯರಿಗೆ ಕಣ್ಣು ಕಾಣುವುದಿಲ್ಲವೇ?’ ಎಂದು ಊರಿನವರೂ ಕೇಳಿದರು. ಮೂರು ಮಳೆಗಾಲ ಕಳೆದಿವೆ. ಆ ರಸ್ತೆಗಳ ಮೇಲೆ ಇವತ್ತಿಗೂ ಒಂದು ತೇಪೆ ಬಿದ್ದಿಲ್ಲ.

ಮೊದಲ ವರ್ಷ ಮೋಸ ಹೋದದ್ದು ನಿಜ. ಏಪ್ರಿಲ್‌ನಲ್ಲಿ ಬೆಂಕಲ್‌ಮನ್ ಬೀಮ್ ಇಟ್ಟೆ; ಭಾರದ ಲಾರಿಯ ಚಕ್ರದಡಿ ರಸ್ತೆ ಎಷ್ಟು ತಗ್ಗುತ್ತದೆಂದು ಅಳೆಯುವ ಉದ್ದನೆಯ ಸನ್ನೆಗೋಲು ಅದು. ಲಾರಿಗೆ ಮರಳಿನ ಚೀಲ ಹೇರಿ, ಅಕ್ಕಿ ಗಿರಣಿಯ ವೇಬ್ರಿಡ್ಜ್‌ನಲ್ಲಿ ಹಿಂದಿನ ಆಕ್ಸಲ್‌ಗೆ 8,170 ಕೆ.ಜಿ. ಹೊಂದಿಸುವಷ್ಟರಲ್ಲೇ ಅರ್ಧ ದಿನ ಹೋಯಿತು. ಒಣಗಿದ ಎರೆಮಣ್ಣು ಕಲ್ಲಿನಂತೆ ಕೂತಿತ್ತು. ಡಿಫ್ಲೆಕ್ಷನ್, ಅಂದರೆ ಆ ತಗ್ಗು, ಎಲ್ಲ ಕಡೆ ಒಂದು ಮಿ.ಮೀ. ಒಳಗೆ. ಅವೇ ಜಾಗಗಳಲ್ಲಿ ನವೆಂಬರ್‌ನಲ್ಲಿ, ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಗದ್ದೆಗಳಲ್ಲಿ ನಿಂತಿದ್ದಾಗ, ಎರಡು ದಾಟಿತು. ಲಾರಿ ಬಾಡಿಗೆಯ ಸುಮಾರು 40,000 ರೂಪಾಯಿ ನೀರಲ್ಲಿ ಹೋಮ.

ಮೊಬೈಲನ್ನು ಜೀಪಿಗೆ ಕಟ್ಟಿ ಕುಲುಕಾಟವನ್ನೂ ಅಳೆದೆ. ಪಟ್ಟಿಯ ತುದಿಯಲ್ಲಿ ಬಂದವು ಶಾಲೆಗಳ ಮುಂದಿನ ಹಂಪ್‌ಗಳು! ಲಾರಿಗಳಿಂದ ಭತ್ತ ಉದುರಿದ ಜಾಗಗಳನ್ನು ಗುರುತು ಮಾಡುವ ಹುಚ್ಚೂ ಹತ್ತಿತ್ತು. ಸುಗ್ಗಿಯಲ್ಲಿ ರೈತರು ರಸ್ತೆಯಲ್ಲೇ ರಾಶಿ ಹರವಿದ್ದರಿಂದ ಅದೂ ಕೆಟ್ಟಿತು.

ಕೊನೆಗೆ ಕೈ ಹಿಡಿದದ್ದು ಕಾಲ್ನಡಿಗೆ. ಮಳೆ ನಿಂತ ಒಂದು ಗಂಟೆಗೆ ರಸ್ತೆಯ ಮೈ ಆರುತ್ತದೆ, ಬಿರುಕು ಮಾತ್ರ ಕಪ್ಪಗೆ ಒದ್ದೆಯಾಗಿ ಉಳಿಯುತ್ತದೆ. ಬಿಸಿಲಿನಲ್ಲಿ ಕಾಣದ ಕೂದಲೆಳೆಯೂ ಆಗ ಕಾಣುತ್ತದೆ. ಚಕ್ರದ ಜಾಡಿನಲ್ಲಿ ಅವನ್ನು ನೂರು ನೂರು ಮೀಟರಿಗೆ ಎಣಿಸಿ, ನವೆಂಬರ್‌ನ ಡಿಫ್ಲೆಕ್ಷನ್ ಜೊತೆಗಿಟ್ಟು ಅಂಕ ಕೊಟ್ಟೆ. ಬಿರುಕು ಶುರುವಾಗಿದ್ದು ಬುಡ ಇನ್ನೂ ಗಟ್ಟಿಯಿರುವ ರಸ್ತೆಗಳು ಮೊದಲು. ಕಾಲುವೆ ಪಕ್ಕದ ರಸ್ತೆಗೆ ಎಷ್ಟು ಅಂಕ ಹೆಚ್ಚು ಕೊಡುತ್ತೇನೆಂಬುದು ನನ್ನ ಬಳಿಯೇ ಇರಲಿ. ಅದಕ್ಕೆ ಎರಡು ವರ್ಷ ಬೈಸಿಕೊಂಡಿದ್ದೇನೆ.

ಒಂದು ಕಿ.ಮೀ. ರಸ್ತೆಯನ್ನು ಬುಡದಿಂದ ಎಬ್ಬಿಸುವ ಹಣದಲ್ಲಿ ಐದು ಕಿ.ಮೀ. ಮೇಲ್ಪದರ ಮುಗಿಯಿತು. ಪೂರ್ತಿ ಕೆಟ್ಟ ರಸ್ತೆಗೆ ಮೊರಂ ತುಂಬಿಸಿ ಕಾಲ ತಳ್ಳಿದೆ.

ಆ ಕೆಟ್ಟ ರಸ್ತೆಗೂ ಕಳೆದ ವರ್ಷ ಹಣ ಬಂತು. ಅಗೆಸಿದಾಗ ಜಲ್ಲಿಯೆಲ್ಲ ಎರೆಮಣ್ಣಿನೊಳಗೆ ಹೂತುಹೋಗಿತ್ತು. ‘ಮೊದಲು ಇದಕ್ಕೇ ಡಾಂಬರು ಹಾಕಿ’ ಎಂದು ಅಂದು ಪಟ್ಟು ಹಿಡಿದಿದ್ದ ಗೌಡರನ್ನೇ ಕರೆಸಿ, ಆ ಮಣ್ಣಿನ ಒಂದು ಉಂಡೆಯನ್ನು ಕೈಗೆ ಕೊಟ್ಟೆ. ಹಿಂಡಿದರು, ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಿತು.